ಗಾರೆ ಕೆಲಸದ ಮೊದಲ ದಿನಗಳು

ಕಟ್ಟಡ ಕೆಲಸದಲ್ಲಿ ಸಾವಿಗೆ ಮುಖ್ಯ ಕಾರಣ ಎತ್ತರದಿಂದ ಬೀಳುವುದು. ಸಾರುವೆ ಹತ್ತುವ ಮುನ್ನ ಹಲಗೆ ಅಲುಗುತ್ತಿದೆಯೇ, ಅಂಚಿಗೆ ತಡೆ ಇದೆಯೇ ಎಂದು ನೋಡಬೇಕು. ಕೊಕ್ಕೆಯನ್ನು ಗಟ್ಟಿ ಆಧಾರಕ್ಕೆ ಸಿಕ್ಕಿಸದಿದ್ದರೆ ಸೇಫ್ಟಿ ಬೆಲ್ಟ್ ತೊಟ್ಟೂ ಪ್ರಯೋಜನವಿಲ್ಲ.

ಹೊಸಬರ ಗಮನಕ್ಕೆ ಬಾರದ ಅಪಾಯ ಹಸಿ ಸಿಮೆಂಟಿನದು. ಅದರ ಕ್ಷಾರ ಚರ್ಮವನ್ನು ನಿಧಾನವಾಗಿ ಸುಡುತ್ತದೆ. ಉರಿ ತಿಳಿಯುವಷ್ಟರಲ್ಲಿ ಗಾಯ ಆಳಕ್ಕಿಳಿದಿರುತ್ತದೆ. ಬರಿಗಾಲಲ್ಲಿ ಕಾಂಕ್ರೀಟು ತುಳಿಯುವುದನ್ನು ಯಾವ ಮೇಸ್ತ್ರಿಯೂ ಒಪ್ಪಕೂಡದು. ಗಮ್ ಬೂಟು, ರಬ್ಬರ್ ಕೈಗವಸು ಬೇಕೇ ಬೇಕು. ಮೈಗೆ ತಾಗಿದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಬೇಕು.

ಕಲ್ಲು, ಟೈಲ್ಸ್ ಕೊಯ್ಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ನೀರು ಹಾಯಿಸುತ್ತಾ ಕೊಯ್ದರೆ ದೂಳು ಅಡಗುತ್ತದೆ.

ಕರ್ನಾಟಕದಲ್ಲಿ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡು ಅಪಘಾತ ಪರಿಹಾರ, ವೈದ್ಯಕೀಯ ನೆರವು ಪಡೆಯಬಹುದು.