ನಿಮಗಿದು ಗೊತ್ತೆ? ಗುಳಿಗೆಯೋ, ಚುಚ್ಚುಮದ್ದೋ?
ಸರ್ಕಾರ ಕೊಡುವ ಗರ್ಭನಿರೋಧಕ ‘ಮಾಲಾ-ಎನ್’ ಪಟ್ಟಿಯ 28 ಗುಳಿಗೆಗಳಲ್ಲಿ ಹಾರ್ಮೋನ್ ಇರುವುದು 21ರಲ್ಲಿ ಮಾತ್ರ. ಉಳಿದ 7 ಬರೀ ಕಬ್ಬಿಣಾಂಶದವು. ದಿನವೂ ನುಂಗುವ ರೂಢಿ ತಪ್ಪದಿರಲೆಂದು ಸೇರಿಸಿದ್ದು. ಗುಳಿಗೆ ಮರೆಯುವವರಿಗೆ ‘ಅಂತರಾ’ ಚುಚ್ಚುಮದ್ದೇ ವಾಸಿ: ಮೂರು ತಿಂಗಳಿಗೊಂದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಈ ಚುಚ್ಚುಮದ್ದಿನಿಂದ ಮುಟ್ಟು ಏರುಪೇರಾಗಬಹುದು, ನಿಂತೇ ಹೋಗಲೂಬಹುದು. ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಎಂಬ ಹೆದರಿಕೆಗೆ ಮಾತ್ರ ಅರ್ಥವಿಲ್ಲ. ಗುಳಿಗೆ ಬಿಟ್ಟರೆ ಬೇಗನೆ ಬಸಿರಾಗಬಹುದು. ಚುಚ್ಚುಮದ್ದು ಬಿಟ್ಟ ಮೇಲೆ ಹಲವು ತಿಂಗಳು ಕಾಯಬೇಕಾದೀತು. ಮುಂದಿನ ವರ್ಷ ಮಗು ಬೇಕೆನ್ನುವವರು ಇದನ್ನು ಮೊದಲೇ ಲೆಕ್ಕ ಹಾಕಲಿ. ಆರು ತಿಂಗಳೊಳಗಿನ ಕೂಸಿಗೆ ಹಾಲೂಡಿಸುವವರಿಗೆ, ಬಿ.ಪಿ. ಇರುವವರಿಗೆ ಮಾಲಾ-ಎನ್ ಸಲ್ಲದು. ಲಖನೌದ ವಿಜ್ಞಾನಿಗಳು ರೂಪಿಸಿದ ‘ಛಾಯಾ’ ಗುಳಿಗೆಯಲ್ಲಂತೂ ಹಾರ್ಮೋನೇ ಇಲ್ಲ; ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು.