ಮನೆಯಲ್ಲಿ ಹಲವು ಬೆಕ್ಕುಗಳಿದ್ದಾಗ ಮಲಮೂತ್ರದ ತೊಂದರೆ ಮತ್ತು ಅದರ ನಿವಾರಣೆ

ಕಾಳುಕಡಿ ಸಂಗ್ರಹಿಸಿಡುವ ರೈತರ ಮನೆಯಲ್ಲಿ ಬೆಕ್ಕು ಇರುವುದು ಸಹಜ. ಇಲಿ ಹೆಗ್ಗಣಗಳ ಕಾಟ ತಡೆಯಲೆಂದು ಒಂದು ಬೆಕ್ಕನ್ನು ತಂದು ಸಾಕಿದರೆ, ಎರಡು ವರ್ಷ ಕಳೆಯುವಷ್ಟರಲ್ಲಿ ಅದು ನಾಲ್ಕಾರು ಆಗಿರುತ್ತದೆ. ಇಲಿಗಳು ಕಡಿಮೆಯಾದವೆಂದು ಸಮಾಧಾನಪಡುವಷ್ಟರಲ್ಲಿ ಇನ್ನೊಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಅಟ್ಟದ ಮೇಲಿನ ಭತ್ತದ ರಾಶಿಯಲ್ಲಿ, ಒಣಗಲು ಹರಡಿದ ಅಡಿಕೆಯಲ್ಲಿ, ಮೂಲೆಯ ಗೋಣಿಚೀಲಗಳ ಮೇಲೆ ಬೆಕ್ಕುಗಳು ಮಲಮೂತ್ರ ಮಾಡತೊಡಗುತ್ತವೆ. ಹೊಲಸಾದ ಕಾಳನ್ನು ತಿನ್ನಲೂ ಆಗದು, ಮಾರಲೂ ಆಗದು. ಮನೆಯವರು ಕೋಪಗೊಂಡು ಬೆಕ್ಕನ್ನು ಹೊಡೆಯುತ್ತಾರೆ, ಇಲ್ಲವೆ ಚೀಲದಲ್ಲಿ ಕಟ್ಟಿ ದೂರ ಬಿಟ್ಟು ಬರುತ್ತಾರೆ. ಇದರಿಂದ ತೊಂದರೆ ನೀಗುವುದಿಲ್ಲ. ಕಾರಣ ತಿಳಿದು ಕ್ರಮ ಕೈಗೊಂಡರೆ ಹೆಚ್ಚಿನ ಖರ್ಚಿಲ್ಲದೆ ಇದನ್ನು ಹತೋಟಿಗೆ ತರಬಹುದು.

ಬೆಕ್ಕಿನ ಸ್ವಭಾವ

ಸಾಕುಬೆಕ್ಕಿನ ಮೂಲ ಒಣ ಪ್ರದೇಶಗಳ ಕಾಡುಬೆಕ್ಕು. ಸಡಿಲವಾದ ಒಣ ಮಣ್ಣನ್ನು ಕೆದರಿ, ಗುಂಡಿ ಮಾಡಿ, ಅಲ್ಲಿ ವಿಸರ್ಜಿಸಿ ಮುಚ್ಚುವುದು ಅದರ ಹುಟ್ಟುಗುಣ. ಆದುದರಿಂದ ಒಣಗಿದ, ಸಡಿಲವಾದ, ಜನರ ಓಡಾಟವಿಲ್ಲದ ಜಾಗವನ್ನು ಅದು ಹುಡುಕುತ್ತದೆ. ಬೇಸಿಗೆಯಲ್ಲಿ ಹಿತ್ತಿಲ ಮಣ್ಣು ಇದಕ್ಕೆ ಸಾಕಾಗುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲ ಹಿಡಿಯಿತೆಂದರೆ ಹಿತ್ತಿಲೆಲ್ಲ ಕೆಸರು. ಆಗ ಮನೆಯಲ್ಲಿ ಒಣಗಿರುವ ಜಾಗವೆಂದರೆ ಅಟ್ಟ, ಕಣಜ ಮತ್ತು ಸೌದೆ ಕೊಟ್ಟಿಗೆ ಮಾತ್ರ. ಭತ್ತದ ರಾಶಿ ಬೆಕ್ಕಿನ ಕಾಲಿಗೆ ಸಡಿಲವಾದ ಮಣ್ಣಿನಂತೆಯೇ ತೋರುತ್ತದೆ. ಅದು ಹಟದಿಂದ ಮಾಡುವ ಕೆಲಸವಲ್ಲ, ಬೇರೆ ಜಾಗವಿಲ್ಲದೆ ಮಾಡುವ ಕೆಲಸ.

ಮೊದಲು ಕಾರಣವನ್ನು ಗುರುತಿಸಿ

ಎಲ್ಲ ತೊಂದರೆಗೂ ಒಂದೇ ಮದ್ದಿಲ್ಲ. ಈ ಕೆಳಗಿನ ಲಕ್ಷಣಗಳನ್ನು ಗಮನಿಸಿ:

1. ನೆಲದ ಮೇಲೆ ಅಥವಾ ರಾಶಿಯ ಮೇಲೆ ಕುಳಿತು ಪೂರ್ತಿಯಾಗಿ ಮೂತ್ರ ಅಥವಾ ಮಲ ಮಾಡಿದ್ದರೆ, ಬೆಕ್ಕಿಗೆ ತಕ್ಕ ಜಾಗ ಸಿಕ್ಕಿಲ್ಲ ಅಥವಾ ನೀವು ಇಟ್ಟ ಜಾಗ ಹಿಡಿಸಿಲ್ಲ ಎಂದು ತಿಳಿಯಬೇಕು.

2. ನಿಂತುಕೊಂಡೇ ಬಾಲವನ್ನು ಎತ್ತಿ ಅದುರಿಸುತ್ತ, ಗೋಡೆ, ಕಂಬ, ಚೀಲಗಳ ಬದಿಗೆ ಸ್ವಲ್ಪ ಸ್ವಲ್ಪ ಮೂತ್ರ ಚಿಮ್ಮಿಸಿದರೆ ಅದು ಗಡಿ ಗುರುತು ಮಾಡುವ ಕೆಲಸ. ಬೀಜದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ಹೆಣ್ಣು ಬೆಕ್ಕುಗಳೂ ಕೆಲವೊಮ್ಮೆ ಹೀಗೆ ಮಾಡುತ್ತವೆ.

3. ಒಂದು ಬೆಕ್ಕು ಮಾತ್ರ ಹೊರಗೆ ಮಾಡುತ್ತಿದ್ದು, ಉಳಿದವು ಸರಿಯಾಗಿದ್ದರೆ, ಬಲವಾದ ಬೆಕ್ಕೊಂದು ಅದನ್ನು ದಾರಿಯಲ್ಲಿ ಅಡ್ಡಗಟ್ಟುತ್ತಿರಬಹುದು. ಜಗಳವಾಡುವುದು ಕಣ್ಣಿಗೆ ಬೀಳಬೇಕೆಂದಿಲ್ಲ. ಬಾಗಿಲಲ್ಲಿ ಕುಳಿತು ದಿಟ್ಟಿಸಿ ನೋಡಿದರೂ ಸಾಕು, ಅಂಜುವ ಬೆಕ್ಕು ಆ ಕಡೆ ಸುಳಿಯುವುದಿಲ್ಲ.

4. ಪದೇ ಪದೇ ಕುಳಿತು ಮುಕ್ಕುವುದು, ಹನಿ ಹನಿಯಾಗಿ ಮೂತ್ರ ಬರುವುದು, ಮೂತ್ರದಲ್ಲಿ ರಕ್ತ, ಕೂಗುವುದು, ಮೂತ್ರದ್ವಾರವನ್ನು ನೆಕ್ಕುತ್ತಲೇ ಇರುವುದು ಕಂಡುಬಂದರೆ ಅದು ರೋಗ.

ಯಾವ ಬೆಕ್ಕು ತೊಂದರೆ ಮಾಡುತ್ತಿದೆಯೆಂದು ತಿಳಿಯದಿದ್ದರೆ, ಸಂಶಯವಿರುವ ಬೆಕ್ಕನ್ನು ಎರಡು ಮೂರು ದಿನ ಒಂದು ಕೋಣೆಯಲ್ಲಿ ಆಹಾರ, ನೀರು ಮತ್ತು ಮರಳ ಪೆಟ್ಟಿಗೆಯೊಂದಿಗೆ ಬೇರೆ ಇಟ್ಟು ನೋಡಿ. ಆ ದಿನಗಳಲ್ಲಿ ಹೊರಗೆ ಹೊಲಸು ನಿಂತರೆ ಉತ್ತರ ಸಿಕ್ಕಂತಾಯಿತು.

ತಡ ಮಾಡಬಾರದ ಸಂದರ್ಭ

ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳು ಅಥವಾ ಲೋಳೆ ಸೇರಿ ಅದು ಕಟ್ಟಿಕೊಂಡರೆ ಮೂತ್ರ ಹೊರಬರಲಾರದೆ ಎರಡು ಮೂರು ದಿನಗಳಲ್ಲಿ ಬೆಕ್ಕು ಸಾಯಬಹುದು. ಮುಕ್ಕುವುದನ್ನು ಕಂಡು ಮಲಬದ್ಧತೆಯೆಂದು ತಪ್ಪು ತಿಳಿದು ಹರಳೆಣ್ಣೆ ಕುಡಿಸುತ್ತ ಕಾಲ ಕಳೆಯುವವರುಂಟು. ಹಾಗೆ ಮಾಡದೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು ಎಂದಿಗೂ ಕೊಡಬಾರದು. ಜ್ವರಕ್ಕೆಂದು ನಾವು ನುಂಗುವ ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಮರಳ ಪೆಟ್ಟಿಗೆಗಳು ಎಷ್ಟಿರಬೇಕು?

ಬೆಕ್ಕಿಗೆ ಒಂದರಂತೆ, ಮೇಲೆ ಇನ್ನೊಂದು, ಇದು ನೆನಪಿಡಬೇಕಾದ ಲೆಕ್ಕ. ಮೂರು ಬೆಕ್ಕುಗಳಿದ್ದರೆ ನಾಲ್ಕು ಪೆಟ್ಟಿಗೆಗಳು. ಇಷ್ಟೊಂದು ಏಕೆಂದು ನೀವು ಕೇಳಬಹುದು. ಕೆಲವು ಬೆಕ್ಕುಗಳು ಮೂತ್ರಕ್ಕೆ ಒಂದು, ಮಲಕ್ಕೆ ಒಂದು ಜಾಗ ಬಯಸುತ್ತವೆ. ಇನ್ನು ಕೆಲವು ಬೇರೆ ಬೆಕ್ಕು ಹೊಲಸು ಮಾಡಿದ ಕಡೆ ಕಾಲಿಡುವುದಿಲ್ಲ.

ನಾಲ್ಕು ಪೆಟ್ಟಿಗೆಗಳನ್ನು ಒಂದೇ ಸಾಲಿನಲ್ಲಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಪೆಟ್ಟಿಗೆ. ಬಲವಾದ ಬೆಕ್ಕು ಒಂದೇ ಕಡೆ ಕುಳಿತು ನಾಲ್ಕನ್ನೂ ಕಾಯಬಲ್ಲದು. ಆದುದರಿಂದ ಅವುಗಳನ್ನು ಹಂಚಿ ಇಡಬೇಕು. ಉದಾಹರಣೆಗೆ, ಹಿತ್ತಿಲ ಪಡಸಾಲೆಯ ಮೂಲೆಯಲ್ಲಿ ಒಂದು, ಸೌದೆ ಕೊಟ್ಟಿಗೆಯಲ್ಲಿ ಒಂದು, ಅಟ್ಟದ ಏಣಿಯ ಬುಡದಲ್ಲಿ ಒಂದು, ಜಗಲಿಯ ತುದಿಯಲ್ಲಿ ಒಂದು. ಎರಡು ಕಡೆಯಿಂದ ತಪ್ಪಿಸಿಕೊಳ್ಳಲು ದಾರಿ ಇರುವ ಜಾಗ ಉತ್ತಮ. ಆಹಾರ ಹಾಕುವ ಸ್ಥಳದ ಪಕ್ಕ, ನಾಯಿ ಕಟ್ಟುವ ಕಡೆ, ಹಿಟ್ಟಿನ ಗಿರಣಿ ಅಥವಾ ಪಂಪು ಸದ್ದು ಮಾಡುವ ಕಡೆ ಇಡಬಾರದು.

ಪೆಟ್ಟಿಗೆ ತಯಾರಿಸುವ ವಿಧಾನ

ಬೆಕ್ಕು ಒಳಗೆ ನಿಂತು ಸುತ್ತು ತಿರುಗಲು ಸಾಧ್ಯವಾಗಬೇಕು. ಉದ್ದ 2 ಅಡಿ, ಅಗಲ ಒಂದೂಕಾಲು ಅಡಿ, ಎತ್ತರ 6 ಅಂಗುಲ ಇದ್ದರೆ ಸಾಕು. ಒಂದು ಬದಿಯನ್ನು 3 ಅಂಗುಲಕ್ಕೆ ತಗ್ಗಿಸಿದರೆ ಮರಿಗಳೂ ಮುದಿ ಬೆಕ್ಕುಗಳೂ ಸುಲಭವಾಗಿ ಹತ್ತುತ್ತವೆ. ಹಳೆಯ ಪ್ಲಾಸ್ಟಿಕ್ ಟಬ್ಬು, ತಗಡು ಹೊದಿಸಿದ ಮರದ ಪೆಟ್ಟಿಗೆ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಟೊಮ್ಯಾಟೊ ಕ್ರೇಟು ಇವುಗಳಲ್ಲಿ ಯಾವುದಾದರೂ ಆಗಬಹುದು. ಅಂಚು ಚೂಪಾಗಿರಬಾರದು. ಮೇಲೆ ಮುಚ್ಚಳ ಬೇಡ. ಮುಚ್ಚಿದ ಪೆಟ್ಟಿಗೆಯಲ್ಲಿ ವಾಸನೆ ನಿಲ್ಲುತ್ತದೆ ಮತ್ತು ಹೊರಗೆ ಕಾದು ಕುಳಿತ ಬೆಕ್ಕು ಒಳಗಿರುವುದಕ್ಕೆ ಕಾಣುವುದಿಲ್ಲ.

ಒಳಗೆ ಏನನ್ನು ತುಂಬಬೇಕು?

ಜರಡಿ ಹಿಡಿದು ಬಿಸಿಲಿನಲ್ಲಿ ಒಣಗಿಸಿದ ನಯವಾದ ಮರಳು ಎಲ್ಲಕ್ಕಿಂತ ಮೇಲು. 2 ಅಂಗುಲ ದಪ್ಪಕ್ಕೆ ಹಾಕಿದರೆ ಸಾಕು, ಒಂದು ಪೆಟ್ಟಿಗೆಗೆ ಸುಮಾರು ಒಂದು ಬಾಂಡ್ಲಿ ಮರಳು ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆಯೇ ನಾಲ್ಕಾರು ಚೀಲ ಒಣಮರಳನ್ನು ಒಳಗೆ ಕೂಡಿಟ್ಟುಕೊಳ್ಳುವುದು ಒಳ್ಳೆಯದು.

ಸುಲಭವಾಗಿ ಸಿಗುತ್ತದೆಂದು ಭತ್ತದ ಹೊಟ್ಟನ್ನು ತುಂಬಬೇಡಿ. ಬೆಕ್ಕು ತನ್ನ ಕಾಲಿಗೆ ತಾಗುವ ಪದಾರ್ಥವನ್ನು ಗುರುತಿಟ್ಟುಕೊಳ್ಳುತ್ತದೆ. ಹೊಟ್ಟಿನ ಮೇಲೆ ಅಭ್ಯಾಸವಾದ ಬೆಕ್ಕು ನಾಳೆ ಭತ್ತದ ರಾಶಿಗೇ ಹೋಗುವ ಸಂಭವವುಂಟು. ಮರಳಿಗೆ ಅಭ್ಯಾಸವಾದರೆ ಕಾಳಿನ ರಾಶಿ ಅದಕ್ಕೆ ಬೇರೆಯಾಗಿ ತೋರುತ್ತದೆ. ಬರಿಯ ಒಲೆಬೂದಿಯೂ ತಕ್ಕದ್ದಲ್ಲ. ಬೂದಿ ಒದ್ದೆಯಾದಾಗ ಕ್ಷಾರವಾಗುತ್ತದೆ, ಬೆಕ್ಕು ಪಾದ ನೆಕ್ಕಿಕೊಂಡಾಗ ಬಾಯಿ ಸುಡುತ್ತದೆ. ಔಷಧ ಬಳಿದ ಮರದ ಹೊಟ್ಟನ್ನೂ ಬಳಸಬಾರದು.

ನಿತ್ಯದ ಕೆಲಸ

ದಿನಕ್ಕೆ ಎರಡು ಬಾರಿ, ಕನಿಷ್ಠ ಒಂದು ಬಾರಿಯಾದರೂ, ಮಲವನ್ನೂ ಒದ್ದೆಯಾದ ಮರಳನ್ನೂ ಸಣ್ಣ ಸಲಿಕೆಯಿಂದ ತೆಗೆದು, ಅಷ್ಟೇ ಹೊಸ ಮರಳನ್ನು ಸೇರಿಸಬೇಕು. ವಾರಕ್ಕೊಮ್ಮೆ ಎಲ್ಲ ಮರಳನ್ನೂ ಬದಲಿಸಿ, ಪೆಟ್ಟಿಗೆಯನ್ನು ಸಾಬೂನಿನಿಂದ ತೊಳೆದು, ಕುದಿಯುವ ನೀರು ಹೊಯ್ದು, ಬಿಸಿಲಿಗೆ ಒಣಗಿಸಬೇಕು.

ಫಿನಾಯಿಲ್ ಹಾಕಬೇಡಿ. ಅದರಲ್ಲಿರುವ ಫೀನಾಲ್ ಜಾತಿಯ ಪದಾರ್ಥಗಳನ್ನು ಬೆಕ್ಕಿನ ಯಕೃತ್ತು ಅರಗಿಸಿ ಹೊರಹಾಕಲಾರದು, ಆದುದರಿಂದ ಅವು ಬೆಕ್ಕಿಗೆ ವಿಷ. ಮೂತ್ರದ ಮೇಲೆ ಬ್ಲೀಚಿಂಗ್ ಪುಡಿಯನ್ನೂ ಹಾಕಬಾರದು. ಮೂತ್ರದ ಅಮೋನಿಯಾದೊಂದಿಗೆ ಅದು ಸೇರಿದಾಗ ಉಸಿರಿಗೆ ಹಾನಿಕರವಾದ ಅನಿಲ ಏಳುತ್ತದೆ.

ಹೊಲಸಾದ ಜಾಗದ ಶುದ್ಧಿ

ಒಮ್ಮೆ ಮೂತ್ರದ ವಾಸನೆ ಹಿಡಿದ ಜಾಗಕ್ಕೆ ಬೆಕ್ಕು ಮತ್ತೆ ಮತ್ತೆ ಬರುತ್ತದೆ. ನಮ್ಮ ಮೂಗಿಗೆ ಹೋಯಿತೆನಿಸಿದರೂ ಅದರ ಮೂಗಿಗೆ ಉಳಿದಿರುತ್ತದೆ. ಸಿಮೆಂಟು ಅಥವಾ ಕಲ್ಲಿನ ನೆಲವನ್ನು ಬಟ್ಟೆ ಒಗೆಯುವ ಪುಡಿ ಬೆರೆಸಿದ ನೀರಿನಿಂದ ಉಜ್ಜಿ, ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ಮರುದಿನ ಗುಡಿಸಿ. ಮಣ್ಣಿನ ನೆಲವಾದರೆ ಮೂತ್ರ ಒಳಗೆ ಇಳಿದಿರುತ್ತದೆ, ಮೇಲೆ ಸಾರಿಸಿದರೆ ಸಾಲದು. ನೆನೆದ ಮಣ್ಣನ್ನು ಕೆರೆದು ತೆಗೆದು, ಹೊಸ ಮಣ್ಣು ಬಡಿದು, ಆಮೇಲೆ ಸಾರಿಸಬೇಕು. ವಾಸನೆ ಹಿಡಿದ ಗೋಣಿಚೀಲಗಳನ್ನು ಒಳಗೆ ಇಡಬೇಡಿ. ಕಾಳನ್ನು ಮುಚ್ಚಳವಿರುವ ಕಣಜ ಅಥವಾ ಡ್ರಮ್ಮಿನಲ್ಲಿ ತುಂಬಿಡಿ. ರಾಶಿಯನ್ನೇ ಇಡಬೇಕಾದಲ್ಲಿ ಟಾರ್ಪಾಲು ಹೊದಿಸಿ ಅಂಚಿಗೆ ಭಾರವಿಡಿ.

ಅಭ್ಯಾಸ ಮಾಡಿಸುವುದು

ಬೆಕ್ಕನ್ನು ಹೊಡೆಯುವುದು, ಅದರ ಮೂತಿಯನ್ನು ಹೊಲಸಿಗೆ ಒತ್ತುವುದು ನಿಷ್ಪ್ರಯೋಜಕ. ಅದು ಕಲಿಯುವುದು ಒಂದೇ ಪಾಠ: ನಿಮ್ಮ ಕಣ್ಣಿಗೆ ಬೀಳದಂತೆ ಮಾಡಬೇಕು ಎಂಬುದು. ಉಂಡ ನಂತರ ಮತ್ತು ನಿದ್ದೆಯಿಂದ ಎದ್ದೊಡನೆ ಮರಿಗಳನ್ನು ಮರಳಿನ ಮೇಲೆ ಬಿಟ್ಟರೆ ಕೆಲವೇ ದಿನಗಳಲ್ಲಿ ತಾವೇ ಹೋಗುತ್ತವೆ. ಬೆಕ್ಕು ಒಂದೇ ಮೂಲೆಗೆ ಹಟ ಹಿಡಿದು ಹೋಗುತ್ತಿದ್ದರೆ ಪೆಟ್ಟಿಗೆಯನ್ನು ಆ ಮೂಲೆಯಲ್ಲೇ ಇಡಿ. ಅದು ತಪ್ಪದೆ ಬಳಸತೊಡಗಿದ ಮೇಲೆ ದಿನಕ್ಕೆ ಒಂದು ಅಡಿಗಿಂತ ಹೆಚ್ಚಾಗದಂತೆ ಸರಿಸುತ್ತ ನಿಮಗೆ ಬೇಕಾದಲ್ಲಿಗೆ ತರಬಹುದು. ಹೊಸ ಬೆಕ್ಕನ್ನು ತಂದಾಗ ಒಂದೆರಡು ವಾರ ಬೇರೆ ಕೋಣೆಯಲ್ಲಿಟ್ಟು, ಹಳೆಯವು ಅದರ ವಾಸನೆಗೆ ಹೊಂದಿಕೊಂಡ ಮೇಲೆ ಒಟ್ಟಿಗೆ ಬಿಡಬೇಕು.

ಗೋಡೆಗೆ ಮೂತ್ರ ಚಿಮ್ಮಿಸುವ ಚಟಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಸರಿಯಾದ ಉಪಾಯ. ಶಸ್ತ್ರಚಿಕಿತ್ಸೆಯಾದ ಗಂಡು ಬೆಕ್ಕುಗಳಲ್ಲಿ ಬಹುಪಾಲು ಈ ಚಟವನ್ನು ಬಿಡುತ್ತವೆ. ಹೆಣ್ಣು ಬೆಕ್ಕುಗಳಿಗೂ ಮಾಡಿಸಿದರೆ ಸಂಖ್ಯೆ ಹೆಚ್ಚದೆ ಜಗಳಗಳೂ ಕಡಿಮೆಯಾಗುತ್ತವೆ. ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ ಮಾಡಿಸಬಹುದು. ಇಲಿ ಹಿಡಿಯುವ ಗುಣ ಇದರಿಂದ ಹೋಗುವುದಿಲ್ಲ.

ಮನೆಯವರ ಮತ್ತು ಜಾನುವಾರುಗಳ ಆರೋಗ್ಯ

ಇಲಿ ಮತ್ತು ಹಸಿ ಮಾಂಸ ತಿನ್ನುವ ಬೆಕ್ಕುಗಳಿಗೆ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರೋಪಜೀವಿ ತಗುಲುತ್ತದೆ. ಮೊದಲ ಸಲ ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ ಒಂದರಿಂದ ಮೂರು ವಾರಗಳವರೆಗೆ ಇದರ ಬೀಜಕೋಶಗಳು ಹೊರಬೀಳುತ್ತವೆ. ಗರ್ಭಿಣಿಯರಿಗೆ ಹೊಸದಾಗಿ ಈ ಸೋಂಕಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಮೇವಿನ ಮೂಲಕ ಕುರಿ ಮೇಕೆಗಳಿಗೆ ತಗುಲಿದರೆ ಅವು ಕಂದು ಹಾಕುತ್ತವೆ.

ಹಾಗೆಂದು ಬೆಕ್ಕುಗಳನ್ನು ಓಡಿಸಬೇಕಾಗಿಲ್ಲ. ಹೊಸದಾಗಿ ಬಿದ್ದ ಮಲ ಕೂಡಲೇ ಸೋಂಕು ಹರಡುವುದಿಲ್ಲ, ಅದಕ್ಕೆ ಒಂದರಿಂದ ಐದು ದಿನ ಬೇಕು. ದಿನವೂ ತೆಗೆದು ಹೂಳಬೇಕೆನ್ನುವುದು ಇದೇ ಕಾರಣಕ್ಕೆ. ಪೆಟ್ಟಿಗೆ ಶುಚಿ ಮಾಡುವ ಕೆಲಸವನ್ನು ಗರ್ಭಿಣಿಯರಿಗೆ ವಹಿಸದೆ ಮನೆಯ ಗಂಡಸರು ಮಾಡತಕ್ಕದ್ದು. ಕೆಲಸದ ನಂತರ ಸಾಬೂನಿನಿಂದ ಕೈ ತೊಳೆಯಬೇಕು. ತೆಗೆದ ಮರಳನ್ನು ಬಾವಿಯಿಂದ ದೂರದಲ್ಲಿ ಆಳವಾದ ಗುಂಡಿಯಲ್ಲಿ ಹೂಳಿ. ತರಕಾರಿ ಮಡಿಗಳಿಗಾಗಲಿ, ತಿಪ್ಪೆಗಾಗಲಿ ಹಾಕಬೇಡಿ, ಏಕೆಂದರೆ ಬೀಜಕೋಶಗಳು ತೇವದ ಮಣ್ಣಿನಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಬದುಕಿರಬಲ್ಲವು. ಹುಲ್ಲಿನ ಮೆದೆ, ಹಿಂಡಿ ಬೂಸದ ಚೀಲ ಮತ್ತು ಮಕ್ಕಳು ಆಡುವ ಮರಳಿನ ಗುಡ್ಡೆಗಳನ್ನು ಮುಚ್ಚಿಡಿ. ಬೆಕ್ಕುಗಳಿಗೆ ಪಶುವೈದ್ಯರ ಸಲಹೆಯಂತೆ ಜಂತುಹುಳುವಿನ ಔಷಧಿಯನ್ನೂ ಹುಚ್ಚುರೋಗದ ಲಸಿಕೆಯನ್ನೂ ಕೊಡಿಸಿ.

ನೆನಪಿಡಬೇಕಾದ ಅಂಶಗಳು

● ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಪೆಟ್ಟಿಗೆ, ಬೇರೆ ಬೇರೆ ಕಡೆ.
● ಒಣಮರಳು 2 ಅಂಗುಲ. ಹೊಟ್ಟು, ಬರಿಯ ಬೂದಿ ಬೇಡ.
● ದಿನವೂ ಶುಚಿ. ಫಿನಾಯಿಲ್, ಬ್ಲೀಚಿಂಗ್ ಪುಡಿ ಬೇಡ.
● ಗಂಡು ಬೆಕ್ಕು ಮುಕ್ಕಿದರೆ ಅದೇ ದಿನ ಪಶುವೈದ್ಯರಲ್ಲಿಗೆ.
● ಗರ್ಭಿಣಿಯರಿಗೆ ಈ ಕೆಲಸ ಬೇಡ.

ಈ ಕ್ರಮಗಳನ್ನು ಮುಂಗಾರಿಗೆ ಮುಂಚೆಯೇ ಕೈಗೊಂಡಲ್ಲಿ ಬೆಕ್ಕುಗಳಿಂದ ಇಲಿಯ ಕಾಟವೂ ತಪ್ಪುತ್ತದೆ, ವರ್ಷವಿಡೀ ದುಡಿದು ತುಂಬಿದ ಕಾಳೂ ಶುದ್ಧವಾಗಿ ಉಳಿಯುತ್ತದೆ.