ಮಾತಿಲ್ಲದ ದಶಕ

ಪ್ರಪಂಚದ ಚಲಚ್ಚಿತ್ರಗಳಲ್ಲಿ ಯಾವ ದಶಕವು ಮೇಲೆಂದು ವಾಚಕರು ಕೇಳುವುದಾದರೆ, ನಾವು 1920ರ ದಶಕವನ್ನೇ ಹೇಳುವೆವು. ಆಗ ಚಿತ್ರಕ್ಕೆ ಮಾತಿರಲಿಲ್ಲ. ಆದುದರಿಂದಲೇ ಅದಕ್ಕೆ ಯಾವ ದೇಶವೂ ಪರದೇಶವಾಗಿರಲಿಲ್ಲ. ನಡುನಡುವಣ ಬರೆಹವನ್ನು ಆಯಾ ದೇಶದವರು ತಮ್ಮ ನುಡಿಗೆ ಬದಲಾಯಿಸಿಕೊಂಡರೆ ಸಾಕಾಗಿದ್ದಿತು. ‘ದಿ ಗೋಲ್ಡ್ ರಷ್’ (1925) ಚಿತ್ರದಲ್ಲಿ ಹಸಿದ ಚಾಪ್ಲಿನ್ನನು ಬೂಟನ್ನು ಬೇಯಿಸಿ, ಅದರ ಮೊಳೆಗಳನ್ನು ಎಲುಬಿನಂತೆ ಚೀಪುವುದನ್ನು ಕಂಡು ನಗುವುದಕ್ಕೆ ಭಾಷೆಯೇಕೆ?

1927ರಲ್ಲಿ ‘ದಿ ಜಾಝ್ ಸಿಂಗರ್’ ಬಂದು ಮಾತಿನ ಯುಗವನ್ನು ತೆರೆಯಿತು. ಮರುವರ್ಷ ಡ್ರೇಯರನು ಜೋನ್ ಆಫ್ ಆರ್ಕಳ ವಿಚಾರಣೆಯನ್ನು ಬಹುಮಟ್ಟಿಗೆ ಮುಖಗಳಿಂದಲೇ ತೋರಿಸಿದನು. ಫಾಲ್ಕೊನೆಟ್ಟಿಯ ಆ ಕಣ್ಣುಗಳಿಗೆ ಸಮನಾದ ಸಂಭಾಷಣೆಯನ್ನು ನಾವಂತೂ ಕಾಣೆವು. ಅದರ ಮೂಲ ಫಿಲ್ಮು ಅದೇ ವರ್ಷ ಬರ್ಲಿನ್ನಿನಲ್ಲಿ ಬೆಂಕಿಗೆ ಆಹುತಿಯಾಯಿತು. 1981ರಲ್ಲಿ, ನಾರ್ವೆಯ ಮಾನಸಿಕ ಆಸ್ಪತ್ರೆಯೊಂದರಲ್ಲಿ, ಡ್ರೇಯರನು ಮೊದಲು ಜೋಡಿಸಿದ್ದ ರೂಪದ ಪ್ರತಿಯೊಂದು ದೊರೆಯಿತು! ಎಲ್ಲಕ್ಕೂ ಈ ಭಾಗ್ಯವಿಲ್ಲ. ಮರ್ನೌ ತೆಗೆದ ‘ಫೋರ್ ಡೆವಿಲ್ಸ್’ (1928) ಇಂದಿಗೂ ಸಿಕ್ಕಿಲ್ಲ.